ಸಂಕೇತದ ಹದ, ಟಿ ಕೋಶದ ಹಣೆಬರಹ

ಎದೆಮೂಳೆಯ ಹಿಂದೆ, ಹೃದಯದ ಮೇಲ್ಭಾಗಕ್ಕೆ ಒತ್ತಿಕೊಂಡಂತೆ ಇರುವ ಥೈಮಸ್ ಗ್ರಂಥಿಯನ್ನು ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ವೈದ್ಯಶಾಸ್ತ್ರವು ಕೆಲಸವಿಲ್ಲದೆ ಉಳಿದುಹೋದ ಅಂಗವೆಂದೇ ಎಣಿಸಿತ್ತು. ಹರೆಯದ ಹೊತ್ತಿಗೆ ಕುಗ್ಗತೊಡಗಿ ವಯಸ್ಸಾದಂತೆ ಬಹುಪಾಲು ಕೊಬ್ಬಾಗಿ ಮಾರ್ಪಡುವ ಅಂಗಕ್ಕೆ ದೊಡ್ಡ ಹೊಣೆಯೇನೂ ಇರಲಾರದೆಂಬುದು ಆ ಎಣಿಕೆಯ ಹಿಂದಿದ್ದ ತರ್ಕ. 1961ರಲ್ಲಿ ಲಂಡನ್ನಿನಲ್ಲಿ ಸಂಶೋಧನೆ ನಡೆಸುತ್ತಿದ್ದ ಜಾಕ್ ಮಿಲ್ಲರ್ ಆಗತಾನೇ ಹುಟ್ಟಿದ ಇಲಿಮರಿಗಳ ಥೈಮಸ್ಸನ್ನು ತೆಗೆದುಹಾಕಿ ಗಮನಿಸಿದಾಗ, ಅವುಗಳ ರಕ್ತದಲ್ಲಿ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳು ತೀರ ಕಡಿಮೆಯಾದದ್ದೂ, ಅವು ಸೋಂಕುಗಳಿಗೆ ಸುಲಭವಾಗಿ ತುತ್ತಾದದ್ದೂ, ಬೇರೆ ತಳಿಯ ಇಲಿಯ ಚರ್ಮವನ್ನು ಕಸಿ ಮಾಡಿದರೂ ಅದನ್ನು ತಿರಸ್ಕರಿಸಲಾರದೆ ಹೋದದ್ದೂ ಕಂಡುಬಂದು, ರೋಗನಿರೋಧಕ ವ್ಯವಸ್ಥೆಯ ಒಂದು ಇಡೀ ವರ್ಗದ ಕೋಶಗಳು ಈ ಗ್ರಂಥಿಯಲ್ಲಿ ರೂಪುಗೊಳ್ಳುತ್ತವೆಂಬುದು ಸ್ಪಷ್ಟವಾಯಿತು. ಥೈಮಸ್ಸಿನ ಮೊದಲ ಅಕ್ಷರವನ್ನೇ ಹೆಸರಿನಲ್ಲಿ ಹೊತ್ತ ಟಿ ಕೋಶಗಳು ಇವೇ. ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವುದು, ಪ್ರತಿಕಾಯಗಳನ್ನು ತಯಾರಿಸುವ ಬಿ ಕೋಶಗಳಿಗೆ ನೆರವಾಗುವುದು, ರೋಗನಿರೋಧಕ ವ್ಯವಸ್ಥೆಯು ದೇಹದ ಮೇಲೆಯೇ ತಿರುಗಿ ಬೀಳದಂತೆ ಹಿಡಿದಿಡುವುದು ಇವುಗಳ ಕೆಲಸ.

ಒಂದೇ ಬಗೆಯ ಪೂರ್ವಜ ಕೋಶದಿಂದ ಇಷ್ಟು ಬೇರೆಬೇರೆ ಕೆಲಸದ ಕೋಶಗಳು ಹೇಗೆ ರೂಪುಗೊಳ್ಳುತ್ತವೆ ಎಂಬ ಪ್ರಶ್ನೆಗೆ ಕಳೆದ ನಾಲ್ಕು ದಶಕಗಳ ಸಂಶೋಧನೆ ಕೊಟ್ಟಿರುವ ಉತ್ತರ ಕೋಶದೊಳಗಿನ ಸಂಕೇತಪಥಗಳಲ್ಲಿದೆ. ಕೋಶವು ಹೊರಗಿನ ಸುದ್ದಿಯನ್ನು ಒಳಕ್ಕೆ ತಂದುಕೊಂಡು ಅದಕ್ಕೆ ತಕ್ಕಂತೆ ನಡೆದುಕೊಳ್ಳಲು ಬಳಸುವ ಪ್ರೋಟೀನುಗಳ ಸರಣಿಯನ್ನು ಸಂಕೇತಪಥ ಎನ್ನಬಹುದು. ಕೋಶಪೊರೆಯಲ್ಲಿ ನಾಟಿಕೊಂಡಿರುವ ಗ್ರಾಹಕ ಪ್ರೋಟೀನಿಗೆ ಹೊರಗಿನ ಅಣುವೊಂದು ಬಂದು ಕೂಡಿಕೊಂಡಾಗ ಗ್ರಾಹಕದ ಒಳತುದಿಯಲ್ಲಿ ಬದಲಾವಣೆಯಾಗುತ್ತದೆ. ಅಲ್ಲಿಂದ ಮುಂದೆ ಬಹುತೇಕ ಪಥಗಳಲ್ಲಿ ಕೈನೇಸ್ ಎಂಬ ಕಿಣ್ವಗಳು ಒಂದರಿಂದೊಂದು ಪ್ರೋಟೀನಿಗೆ ಫಾಸ್ಫೇಟ್ ಗುಂಪನ್ನು ಅಂಟಿಸುತ್ತ ಆ ಸುದ್ದಿಯನ್ನು ಸಾಗಿಸುತ್ತವೆ. ಕೊನೆಗೆ ಅದು ಕೋಶಕೇಂದ್ರವನ್ನು ತಲುಪಿ, ಯಾವ ವಂಶವಾಹಿ ಎಚ್ಚರಗೊಳ್ಳಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಡಿಎನ್‌ಎ ಮೇಲೆ ಕುಳಿತು ನಿರ್ಧರಿಸುವ ಪ್ರತಿಲೇಖನ ನಿಯಂತ್ರಕ ಪ್ರೋಟೀನುಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಪ್ರಾಣಿದೇಹದಲ್ಲಿರುವ ಮುಖ್ಯ ಪಥಗಳ ಸಂಖ್ಯೆ ದೊಡ್ಡದೇನಲ್ಲ, ನೊಣದ ರೆಕ್ಕೆಯಿಂದ ಮನುಷ್ಯನ ಕರುಳಿನವರೆಗೆ ಅವೇ ಕೆಲವು ಪಥಗಳು ಮತ್ತೆ ಮತ್ತೆ ಬಳಕೆಯಾಗುತ್ತವೆ. ಪಠ್ಯಪುಸ್ತಕಗಳಲ್ಲಿ ಇವನ್ನು ಬಾಣದ ಗುರುತಿನ ನಕ್ಷೆಗಳಾಗಿ ಬರೆಯುವುದು ವಾಡಿಕೆ. ಯಾವುದರ ನಂತರ ಯಾವುದು ಎಂಬುದನ್ನು ಆ ನಕ್ಷೆಗಳು ತಿಳಿಸುತ್ತವೆಯಾದರೂ, ಟಿ ಕೋಶದ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದನ್ನೇ ಅವು ಮರೆಮಾಚುತ್ತವೆ. ಇಲ್ಲಿ ಕೋಶದ ಬದುಕು, ಸಾವು, ವೃತ್ತಿಗಳನ್ನು ತೀರ್ಮಾನಿಸುವುದು ಸಂಕೇತ ಬಂತೇ ಇಲ್ಲವೇ ಎಂಬುದಷ್ಟೇ ಅಲ್ಲ. ಎಷ್ಟು ಬಲವಾಗಿ ಬಂತು, ಎಷ್ಟು ಹೊತ್ತು ಉಳಿಯಿತು, ಕೋಶದ ಯಾವ ಭಾಗದಲ್ಲಿ ಹೊತ್ತಿಕೊಂಡಿತು ಎಂಬುದು.

ಅಸ್ಥಿಮಜ್ಜೆಯಲ್ಲಿ ಹುಟ್ಟಿ ರಕ್ತದ ಮೂಲಕ ಥೈಮಸ್ಸಿಗೆ ಬಂದು ಸೇರುವ ಪೂರ್ವಜ ಕೋಶ ಇನ್ನೂ ಟಿ ಕೋಶವಲ್ಲ. ಬೇರೆ ಬಗೆಯ ಬಿಳಿ ರಕ್ತಕಣಗಳಾಗುವ ಸಾಧ್ಯತೆಗಳೂ ಅದರಲ್ಲಿ ತೆರೆದೇ ಇರುತ್ತವೆ. ಅವುಗಳನ್ನೆಲ್ಲ ಒಂದೊಂದಾಗಿ ಮುಚ್ಚಿ ಟಿ ಕೋಶದ ಹಾದಿಯೊಂದನ್ನೇ ಉಳಿಸುವ ಸಂಕೇತಕ್ಕೆ ನಾಚ್ ಎಂದು ಹೆಸರು. ಈ ಹೆಸರು ಬಂದದ್ದು ಹಣ್ಣಿನ ನೊಣದಿಂದ: ಕಳೆದ ಶತಮಾನದ ಎರಡನೆಯ ದಶಕದಲ್ಲಿ ನ್ಯೂಯಾರ್ಕಿನ ಥಾಮಸ್ ಹಂಟ್ ಮಾರ್ಗನ್ ಅವರ ಬಳಗವು ರೆಕ್ಕೆಯ ಅಂಚು ಕಚ್ಚುಬಿದ್ದಂತಿದ್ದ ನೊಣಗಳನ್ನು ಅಭ್ಯಸಿಸಿತ್ತು, ಆ ಕಚ್ಚಿಗೆ ಕಾರಣವಾದ ವಂಶವಾಹಿಗೆ ಇಂಗ್ಲಿಷಿನಲ್ಲಿ ಕಚ್ಚು ಎಂಬ ಅರ್ಥದ ನಾಚ್ ಎಂಬ ಹೆಸರೇ ಅಂಟಿಕೊಂಡಿತು. ಥೈಮಸ್ಸಿನ ಹೊದಿಕೆ ಕೋಶಗಳ ಮೈಮೇಲೆ ಡೆಲ್ಟಾ-ಸದೃಶ-4 ಎಂಬ ಪ್ರೋಟೀನು ಇರುತ್ತದೆ. ಪೂರ್ವಜ ಕೋಶದ ಮೇಲಿನ ನಾಚ್ ಗ್ರಾಹಕ ಅದನ್ನು ಹಿಡಿದುಕೊಂಡಾಗ, ಹೊದಿಕೆ ಕೋಶವು ತನ್ನ ಪ್ರೋಟೀನನ್ನು ಒಳಕ್ಕೆ ಎಳೆದುಕೊಳ್ಳಲು ನೋಡುತ್ತದೆ. ಆ ಜಗ್ಗಾಟಕ್ಕೆ ಗ್ರಾಹಕದ ಮಡಿಕೆ ಬಿಚ್ಚಿಕೊಂಡು, ಅಡಗಿದ್ದ ಜಾಗದಲ್ಲಿ ಒಂದು ಕಿಣ್ವ ಅದನ್ನು ಕತ್ತರಿಸುತ್ತದೆ. ಬಳಿಕ ಗ್ಯಾಮಾ ಸೆಕ್ರಿಟೇಸ್ ಎಂಬ ಇನ್ನೊಂದು ಕಿಣ್ವ ಪೊರೆಯೊಳಗೇ ಎರಡನೆಯ ಸಲ ಕತ್ತರಿಸಿ, ಬಿಡುಗಡೆಯಾದ ಒಳತುಂಡು ನೇರವಾಗಿ ಕೋಶಕೇಂದ್ರಕ್ಕೆ ಹೋಗಿ ವಂಶವಾಹಿಗಳನ್ನು ಎಬ್ಬಿಸುತ್ತದೆ. ಬೇರೆ ಪಥಗಳಲ್ಲಿರುವಂತೆ ನಡುವೆ ಸುದ್ದಿಯನ್ನು ಹಿಗ್ಗಿಸುವ ಕಿಣ್ವಗಳ ಸರಣಿ ಇಲ್ಲಿಲ್ಲ. ಒಂದು ಗ್ರಾಹಕ ಒಂದೇ ಸಲ ಬಳಕೆಗೆ ಬಂದು ಮುಗಿದುಹೋಗುತ್ತದೆ. ಆದ್ದರಿಂದ ನಾಚ್ ಸಂಕೇತದ ಬಲವೆಂದರೆ ಹೆಚ್ಚುಕಡಿಮೆ ಕತ್ತರಿಸಿದ ಗ್ರಾಹಕಗಳ ಲೆಕ್ಕವೇ.

1999ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳು ನಾಚ್‌ನ ಅಧಿಕಾರವನ್ನು ಎರಡು ಕಡೆಯಿಂದ ತೋರಿಸಿಕೊಟ್ಟವು. ಫ್ರೆಡ್ಡಿ ರಾಟ್ಕೆ ಮತ್ತು ಸಂಗಡಿಗರು ಸ್ವಿಟ್ಜರ್ಲೆಂಡಿನಲ್ಲಿ ಇಲಿಯ ರಕ್ತದ ಪೂರ್ವಜ ಕೋಶಗಳಿಂದ ನಾಚ್-1 ವಂಶವಾಹಿಯನ್ನು ತೆಗೆದುಹಾಕಿದಾಗ, ಥೈಮಸ್ಸಿನಲ್ಲಿ ಟಿ ಕೋಶಗಳು ಬೆಳೆಯದೆ ಅವುಗಳ ಜಾಗದಲ್ಲಿ ಬಿ ಕೋಶಗಳು ತುಂಬಿಕೊಂಡವು. ಅಮೆರಿಕದ ವಾರೆನ್ ಪಿಯರ್ ಅವರ ಬಳಗವು ಸದಾ ಚಾಲೂ ಸ್ಥಿತಿಯಲ್ಲಿರುವ ನಾಚ್ ತುಂಡನ್ನು ಅಸ್ಥಿಮಜ್ಜೆಯ ಕೋಶಗಳಿಗೆ ಸೇರಿಸಿದಾಗ, ಥೈಮಸ್ಸಿನ ಮುಖವನ್ನೇ ಕಾಣದೆ ಮಜ್ಜೆಯಲ್ಲಿಯೇ ಟಿ ಕೋಶದ ಲಕ್ಷಣವುಳ್ಳ ಕೋಶಗಳು ತಲೆಯೆತ್ತಿದವು. ಮೂರು ವರ್ಷಗಳ ನಂತರ ಟೊರಾಂಟೊದ ಸಂಶೋಧಕರು ಡೆಲ್ಟಾ ಬಗೆಯ ಪ್ರೋಟೀನನ್ನು ಹೊರಮೈಯಲ್ಲಿ ಹೊತ್ತ ಆಧಾರಕೋಶಗಳ ಮೇಲೆ ಪೂರ್ವಜ ಕೋಶಗಳನ್ನು ಬೆಳೆಸಿ, ಪ್ರಯೋಗಾಲಯದ ತಟ್ಟೆಯಲ್ಲಿಯೇ ಟಿ ಕೋಶಗಳನ್ನು ಪಡೆದರು. ಕೋಶದೊಳಗೆ ನಾಚ್ ಮೊದಲು ಟಿಸಿಎಫ್-1 ಮತ್ತು ಗಾಟಾ-3 ಎಂಬ ನಿಯಂತ್ರಕ ಪ್ರೋಟೀನುಗಳನ್ನು ಎಬ್ಬಿಸುತ್ತದೆ, ಇವು ಮೂರೂ ಕೂಡಿ ಬಿಸಿಎಲ್-11ಬಿ ಎಂಬ ಮತ್ತೊಂದನ್ನು ಎಬ್ಬಿಸುತ್ತವೆ, ಅದು ಚಾಲೂ ಆದ ಮೇಲೆ ಕೋಶಕ್ಕೆ ಹಿಂದಿರುಗುವ ದಾರಿಯಿಲ್ಲ.

ಇಷ್ಟು ಪ್ರಬಲವಾದ ಸಂಕೇತ ಸಮಯಕ್ಕೆ ಸರಿಯಾಗಿ ನಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಕ್ಕಳ ಕ್ಯಾನ್ಸರ್ ವಾರ್ಡುಗಳಲ್ಲಿ ಉತ್ತರವಿದೆ. ಟಿ ಕೋಶದ ತೀವ್ರ ಲಿಂಫೊಬ್ಲಾಸ್ಟಿಕ್ ಲ್ಯುಕೀಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳ ಕ್ಯಾನ್ಸರ್ ಕೋಶಗಳಲ್ಲಿ ನಾಚ್-1 ವಂಶವಾಹಿಯು ತಾನಾಗಿಯೇ ಚಾಲೂ ಆಗುವಂಥ ಅಥವಾ ಬೇಗ ಆರದಂಥ ರೂಪಾಂತರಗಳಿವೆ ಎಂಬುದು 2004ರಲ್ಲಿ ತಿಳಿಯಿತು. ನಾಚ್ ಗ್ರಾಹಕವನ್ನು ಕತ್ತರಿಸುವ ಗ್ಯಾಮಾ ಸೆಕ್ರಿಟೇಸನ್ನೇ ತಡೆಯುವ ಔಷಧಗಳನ್ನು ಪ್ರಯತ್ನಿಸಿದಾಗ ರೋಗಿಗಳಿಗೆ ತೀವ್ರ ಭೇದಿ ಕಾಡಿತು, ಏಕೆಂದರೆ ಕರುಳಿನ ಒಳಪದರದ ಕೋಶಗಳೂ ತಮ್ಮ ವೃತ್ತಿಯನ್ನು ಆರಿಸಿಕೊಳ್ಳುವುದು ಇದೇ ನಾಚ್‌ನ ಸೂಚನೆಯಂತೆ. ಒಂದೇ ಪಥವನ್ನು ದೇಹವು ಹತ್ತು ಕಡೆ ಬಳಸುವುದರಿಂದ ಬರುವ ಈ ತೊಡಕು ಸಂಕೇತಪಥಗಳನ್ನು ಗುರಿಯಾಗಿಸಿಕೊಂಡ ಔಷಧಗಳನ್ನು ಬಿಡದೆ ಹಿಂಬಾಲಿಸುತ್ತದೆ.

ನಾಚ್ ಹಾದಿಯನ್ನು ತೋರಿಸಿದರೆ, ಆ ಹಾದಿಯಲ್ಲಿ ಕೋಶವು ಸಾಯದೆ ಸಂಖ್ಯೆಯಲ್ಲಿ ಹೆಚ್ಚುವಂತೆ ನೋಡಿಕೊಳ್ಳುವುದು ಇಂಟರ್‌ಲ್ಯೂಕಿನ್-7 ಎಂಬ ಪುಟ್ಟ ಪ್ರೋಟೀನು. ಇದನ್ನು ಹಿಡಿಯುವ ಗ್ರಾಹಕಕ್ಕೆ ಎರಡು ಸರಪಣಿಗಳಿದ್ದು, ಅವುಗಳಿಗೆ ಅಂಟಿಕೊಂಡಿರುವ ಜ್ಯಾಕ್-1 ಮತ್ತು ಜ್ಯಾಕ್-3 ಎಂಬ ಕೈನೇಸ್‌ಗಳು ಸ್ಟ್ಯಾಟ್-5 ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿದೊಡನೆ ಅದು ಜೋಡಿಯಾಗಿ ಕೋಶಕೇಂದ್ರಕ್ಕೆ ಹೋಗಿ, ಸಾವನ್ನು ತಡೆಯುವ ಬಿಸಿಎಲ್-2 ಮುಂತಾದ ಪ್ರೋಟೀನುಗಳ ತಯಾರಿಕೆಗೆ ಅಪ್ಪಣೆ ಕೊಡುತ್ತದೆ. ಈ ಸರಣಿಯಲ್ಲಿ ಗ್ರಾಹಕ ಅಥವಾ ಜ್ಯಾಕ್-3 ಕೆಟ್ಟರೆ ಮಗು ಟಿ ಕೋಶಗಳಿಲ್ಲದೆ ಹುಟ್ಟುತ್ತದೆ. ಅದಕ್ಕೆ ತೀವ್ರ ಸಂಯುಕ್ತ ರೋಗನಿರೋಧಕ ಕೊರತೆ, ಸಂಕ್ಷಿಪ್ತವಾಗಿ ಸ್ಕಿಡ್, ಎಂದು ಹೆಸರು. ಗ್ರಾಹಕದ ಎರಡು ಸರಪಣಿಗಳಲ್ಲಿ ಒಂದಾದ ಗ್ಯಾಮಾ ಸರಪಣಿಯ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ, ಅದರ ದೋಷ ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತದೆ. 1993ರಲ್ಲಿ ಈ ಸಂಬಂಧ ಖಚಿತವಾಯಿತು. ಜ್ಯಾಕ್-3ರ ದೋಷದಿಂದ ಬರುವ ಕಾಯಿಲೆಯೂ ಲಕ್ಷಣಗಳಲ್ಲಿ ಇದನ್ನೇ ಹೋಲುತ್ತದೆ ಎಂಬುದು ಇವೆರಡೂ ಒಂದೇ ಸರಣಿಯ ಹಿಂದುಮುಂದಿನ ಕೊಂಡಿಗಳೆಂಬುದಕ್ಕೆ ಪ್ರಕೃತಿಯೇ ಒದಗಿಸಿದ ಸಾಕ್ಷ್ಯ.

ಪ್ಯಾರಿಸ್ಸಿನ ನೆಕ್ಕೆ ಆಸ್ಪತ್ರೆಯಲ್ಲಿ ಅಲೆನ್ ಫಿಶರ್ ಮತ್ತು ಮರಿನಾ ಕವಜಾನಾ ಅವರ ತಂಡವು ಇಂಥ ಗಂಡುಮಕ್ಕಳ ಮಜ್ಜೆಯ ಕೋಶಗಳಿಗೆ ಸರಿಯಾದ ಗ್ಯಾಮಾ ಸರಪಣಿಯ ವಂಶವಾಹಿಯನ್ನು ವೈರಸ್ಸಿನ ಮೂಲಕ ಸೇರಿಸಿ ಮರಳಿಸಿದಾಗ, ಟಿ ಕೋಶಗಳೇ ಇಲ್ಲದಿದ್ದ ಮಕ್ಕಳಲ್ಲಿ ಕೆಲವೇ ತಿಂಗಳಲ್ಲಿ ಅವು ಕಾಣಿಸಿಕೊಂಡವು. 2000ದಲ್ಲಿ ಪ್ರಕಟವಾದ ಈ ಫಲಿತಾಂಶ ವಂಶವಾಹಿ ಚಿಕಿತ್ಸೆಯ ಮೊದಲ ನಿಜವಾದ ಗೆಲುವೆಂದು ಹೆಸರಾಯಿತು. ಆದರೆ ಮುಂದಿನ ವರ್ಷಗಳಲ್ಲಿ ಅಲ್ಲಿಯೂ ಲಂಡನ್ನಿನ ಇಂಥದೇ ಪ್ರಯೋಗದಲ್ಲಿಯೂ ಸೇರಿ ಚಿಕಿತ್ಸೆ ಪಡೆದ ಇಪ್ಪತ್ತು ಮಕ್ಕಳಲ್ಲಿ ಐವರಿಗೆ ಟಿ ಕೋಶದ ಲ್ಯುಕೀಮಿಯಾ ಬಂದು, ಒಂದು ಮಗು ತೀರಿಹೋಯಿತು. ವೈರಸ್ಸು ವರ್ಣತಂತುವಿನಲ್ಲಿ ಕ್ಯಾನ್ಸರಿಗೆ ದಾರಿ ಮಾಡಿಕೊಡಬಲ್ಲ ಎಲ್‌ಎಂಓ-2 ಎಂಬ ವಂಶವಾಹಿಯ ಮಗ್ಗುಲಲ್ಲಿ ಹೋಗಿ ಕುಳಿತಿದ್ದುದು ಇದಕ್ಕೆ ಮುಖ್ಯ ಕಾರಣ. ಅಂಥ ಕೆಲವು ಲ್ಯುಕೀಮಿಯಾ ಕೋಶಗಳಲ್ಲಿ ನಾಚ್-1ರ ರೂಪಾಂತರಗಳೂ ಕಂಡುಬಂದವು. ಕಾಣೆಯಾದ ಸಂಕೇತವನ್ನು ಮರಳಿಸುವುದು ಸಾಧ್ಯವೆಂಬುದನ್ನೂ, ಅದರ ಅಂಕೆಯನ್ನು ಮರಳಿಸುವುದು ಇನ್ನಷ್ಟು ಕಷ್ಟವೆಂಬುದನ್ನೂ ಆ ಮಕ್ಕಳ ದೇಹಗಳು ಒಟ್ಟಿಗೇ ತೋರಿಸಿದವು. ಅಕ್ಕಪಕ್ಕದ ವಂಶವಾಹಿಗಳನ್ನು ಕೆಣಕದಂತೆ ಮಾರ್ಪಡಿಸಿದ ವೈರಸ್ಸುಗಳು ಬಳಕೆಗೆ ಬಂದದ್ದು ಇದಾದ ಮೇಲೆ.

ಹಾದಿ ಹಿಡಿದ ಕೋಶದ ಮುಂದಿನ ಕೆಲಸ ತನ್ನದೇ ಆದ ಗ್ರಾಹಕವೊಂದನ್ನು ಕಟ್ಟಿಕೊಳ್ಳುವುದು. ಟಿ ಕೋಶದ ಗ್ರಾಹಕಕ್ಕೆ ಸಿದ್ಧ ವಂಶವಾಹಿಯಿಲ್ಲ. ವರ್ಣತಂತುವಿನ ಮೇಲೆ ಚದುರಿರುವ ತುಣುಕುಗಳನ್ನು ರ್‍ಯಾಗ್ ಎಂಬ ಕಿಣ್ವಜೋಡಿಯು ಕತ್ತರಿಸಿ, ಯಾದೃಚ್ಛಿಕವಾಗಿ ಆರಿಸಿ ಬೆಸೆಯುತ್ತದೆ, ಬೆಸುಗೆಯ ಜಾಗದಲ್ಲಿ ಅಕ್ಷರಗಳು ಸೇರುವುದೂ ಬಿಟ್ಟುಹೋಗುವುದೂ ಉಂಟು. ಡಿಎನ್‌ಎ ಸಂದೇಶವನ್ನು ಮೂರು ಮೂರು ಅಕ್ಷರಗಳಾಗಿ ಓದಬೇಕಾದ್ದರಿಂದ ಇಂಥ ಬೆಸುಗೆಗಳಲ್ಲಿ ಸುಮಾರು ಮೂರನೇ ಎರಡು ಭಾಗ ಅರ್ಥ ಕೆಟ್ಟು ವ್ಯರ್ಥವಾಗುತ್ತವೆ. ಮೊದಲು ಬೀಟಾ ಸರಪಣಿಯನ್ನು ಕಟ್ಟುವ ಕೋಶವು, ಅದು ನೆಟ್ಟಗಿದೆಯೇ ಎಂದು ತಿಳಿಯಲು ಒಂದು ತಾತ್ಕಾಲಿಕ ಜೊತೆಗಾರ ಸರಪಣಿಯೊಡನೆ ಅದನ್ನು ಪೊರೆಗೆ ಏರಿಸುತ್ತದೆ; ಈ ಪೂರ್ವ-ಗ್ರಾಹಕ ಹೊರಗಿನ ಯಾವ ಅಣುವನ್ನೂ ಕಾಯದೆ, ಕಟ್ಟಿಕೊಂಡಷ್ಟಕ್ಕೇ ಸಂಕೇತ ಕೊಡುತ್ತದೆ. ಆ ಸಂಕೇತ ಸಿಕ್ಕಿದ ಕೋಶವು ಬೀಟಾ ತುಣುಕುಗಳ ಜೋಡಣೆಯನ್ನು ನಿಲ್ಲಿಸಿ, ಹಲವು ಸಲ ಒಡೆದು ಬಹುವಾಗಿ, ಸಿಡಿ-4 ಮತ್ತು ಸಿಡಿ-8 ಎಂಬ ಎರಡೂ ಸಹಗ್ರಾಹಕಗಳನ್ನು ಹೊರಮೈಗೆ ತಂದುಕೊಂಡು, ಆಲ್ಫಾ ಸರಪಣಿಯ ಜೋಡಣೆಗೆ ತೊಡಗುತ್ತದೆ. ಸಿಗದ ಕೋಶ ಅಲ್ಲಿಯೇ ಸಾಯುತ್ತದೆ. ಈ ಘಟ್ಟ ದಾಟುತ್ತಿದ್ದಂತೆ ನಾಚ್ ಇಳಿಮುಖವಾಗುವುದೂ, ಇಂಟರ್‌ಲ್ಯೂಕಿನ್-7ಕ್ಕೆ ಕೋಶ ಕಿವುಡಾಗುವುದೂ ಗಮನಿಸಬೇಕಾದ ಸಂಗತಿ. ಈವರೆಗೆ ಬದುಕಿಸಿಕೊಂಡು ಬಂದ ಎರಡೂ ಆಸರೆಗಳು ತಪ್ಪಿದ್ದರಿಂದ, ಇನ್ನು ಕೋಶದ ಜೀವ ಅದು ಕಟ್ಟಿಕೊಂಡ ಗ್ರಾಹಕವೊಂದನ್ನೇ ನಂಬಿಕೊಂಡಿರುತ್ತದೆ. ಮುಂದಿನ ಆಯ್ಕೆಗೆ ಅರ್ಥ ಬರುವುದು ಈ ನಿರಾಶ್ರಿತ ಸ್ಥಿತಿಯಿಂದಲೇ.

ಆ ಆಯ್ಕೆಯ ತೊಡಕನ್ನು ಅರಿಯಲು ಟಿ ಕೋಶವು ಏನನ್ನು ನೋಡುತ್ತದೆಂಬುದು ತಿಳಿದಿರಬೇಕು. ಅದು ವೈರಸ್ಸನ್ನು ನೇರವಾಗಿ ಗುರುತಿಸುವುದಿಲ್ಲ. ದೇಹದ ಕೋಶಗಳು ಎಂಎಚ್‌ಸಿ ಎಂಬ ಪ್ರೋಟೀನಿನ ಮೇಲೆ ಇಟ್ಟು ತೋರಿಸುವ ಪ್ರೋಟೀನ್ ತುಣುಕುಗಳನ್ನು, ಆ ಎಂಎಚ್‌ಸಿಯ ಸಮೇತವಾಗಿ ಮಾತ್ರ ಗುರುತಿಸುತ್ತದೆ. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ ಇದನ್ನು ಕಂಡುಹಿಡಿದು 1996ರ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು. ಹಾಗಾದರೆ ಕುರುಡು ಜೋಡಣೆಯಿಂದ ಹುಟ್ಟಿದ ಗ್ರಾಹಕಗಳಲ್ಲಿ ದೇಹದ ಸ್ವಂತ ಎಂಎಚ್‌ಸಿಯನ್ನು ಹಿಡಿಯಲಾರದವು ನಿರುಪಯುಕ್ತ. ಸ್ವಂತ ತುಣುಕುಗಳನ್ನು ಗಟ್ಟಿಯಾಗಿ ಹಿಡಿಯುವವು ಅಪಾಯಕಾರಿ. ಸಡಿಲವಾಗಿ ಹಿಡಿಯುವವು ಮಾತ್ರ ಬೇಕಾದವು. ಹೀಗೆ ಹಿಡಿಯಲಾರದ ಬಹುಪಾಲು ಕೋಶಗಳು ಮೂರು ನಾಲ್ಕು ದಿನಗಳಲ್ಲಿ ಉಪೇಕ್ಷೆಯಿಂದಲೇ ಸಾಯುತ್ತವೆ, ಗಟ್ಟಿಯಾಗಿ ಹಿಡಿದವು ಕೊಲ್ಲಲ್ಪಡುತ್ತವೆ, ಕೊನೆಗೆ ಥೈಮಸ್ಸಿನಿಂದ ಹೊರಬೀಳುವವು ನೂರಕ್ಕೆ ಐದೂ ಇಲ್ಲ. ವಿಸ್ಮಯವೆಂದರೆ, ಬದುಕಿಸುವುದಕ್ಕೂ ಕೊಲ್ಲುವುದಕ್ಕೂ ಕೋಶದಲ್ಲಿ ಬೇರೆ ಬೇರೆ ಗ್ರಾಹಕಗಳಿಲ್ಲ. ಆಲೆಮನೆಯ ಕೊಪ್ಪರಿಗೆಯನ್ನು ಹದ ಬರುವ ಮುಂಚೆ ಇಳಿಸಿದರೆ ಬೆಲ್ಲ ಅಚ್ಚು ಕಟ್ಟದೆ, ಹದ ಮೀರಿದರೆ ಸೀದುಹೋಗುವಂತೆ, ಒಂದೇ ಗ್ರಾಹಕದ ಒಂದೇ ಉರಿಯ ಏರಿಳಿತದಲ್ಲಿ ಮೂರೂ ಗತಿಗಳು ತೀರ್ಮಾನವಾಗುತ್ತವೆ.

ಆ ಉರಿ ಹೊತ್ತುವ ಬಗೆ ಹೀಗಿದೆ. ಸಿಡಿ-4 ಮತ್ತು ಸಿಡಿ-8ರ ಒಳಬಾಲಕ್ಕೆ ಎಲ್‌ಸಿಕೆ ಎಂಬ ಕೈನೇಸ್ ಅಂಟಿಕೊಂಡಿರುತ್ತದೆ. ಗ್ರಾಹಕವೂ ಸಹಗ್ರಾಹಕವೂ ಒಂದೇ ಎಂಎಚ್‌ಸಿಯನ್ನು ಹಿಡಿದುಕೊಂಡಾಗ ಎಲ್‌ಸಿಕೆಯು ಗ್ರಾಹಕದ ಬಾಲಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಅಲ್ಲಿಗೆ ಜ್ಯಾಪ್-70 ಎಂಬ ಎರಡನೆಯ ಕೈನೇಸ್ ಬಂದು ಕೂಡಿಕೊಂಡು, ಲ್ಯಾಟ್ ಎಂಬ ಪೊರೆಯ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿ, ಅದನ್ನು ಹಲವು ಪ್ರೋಟೀನುಗಳು ಬಂದು ಸೇರುವ ವೇದಿಕೆಯಾಗಿಸುತ್ತದೆ. ಆ ವೇದಿಕೆಯ ಮೇಲಿನ ಕಿಣ್ವವೊಂದು ಪೊರೆಯ ಕೊಬ್ಬಿನ ಅಣುವನ್ನು ಎರಡಾಗಿ ಸೀಳಿದಾಗ, ಒಂದು ಹೋಳು ಕೋಶದೊಳಗೆ ಕ್ಯಾಲ್ಸಿಯಂ ಬಿಡುಗಡೆ ಮಾಡಿಸಿ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಮೂತ್ರಪಿಂಡದ ಕಸಿಯಾದವರು ಸೇವಿಸುವ ಸೈಕ್ಲೊಸ್ಪೊರಿನ್ ತಡೆಯುವುದು ಇದನ್ನೇ. ಇನ್ನೊಂದು ಹೋಳು ರ್‍ಯಾಸ್ ಎಂಬ ಪ್ರೋಟೀನಿನ ಮೂಲಕ ಇಆರ್‌ಕೆ ಎಂಬ ಕೈನೇಸನ್ನು ಚಾಲೂ ಮಾಡುತ್ತದೆ. ಸಡಿಲವಾದ ಹಿಡಿತದಲ್ಲಿ ಇಆರ್‌ಕೆ ನಿಧಾನವಾಗಿ ಏರಿ ಮಂದವಾಗಿ ಬಹಳ ಹೊತ್ತು ಉಳಿಯುತ್ತದೆ, ಕೋಶ ಬದುಕುತ್ತದೆ. ಗಟ್ಟಿಯಾದ ಹಿಡಿತದಲ್ಲಿ ಅದು ಥಟ್ಟನೆ ಏರಿ ಬೇಗ ಇಳಿಯುತ್ತದೆ, ಜೊತೆಗೆ ಬೇರೆ ಕೈನೇಸ್‌ಗಳೂ ಎಚ್ಚೆತ್ತು, ಬಿಮ್ ಎಂಬ ಮಾರಕ ಪ್ರೋಟೀನು ಹೆಚ್ಚಿ ಕೋಶ ಸಾಯುತ್ತದೆ. ಬಾಸೆಲ್ ನಗರದ ಎಡ್ ಪಾಮರ್ ಅವರ ತಂಡವು 2006ರಲ್ಲಿ ಇದಕ್ಕೆ ಇನ್ನೊಂದು ಪದರವನ್ನು ಸೇರಿಸಿತು. ಬದುಕಿಸುವ ಸಂಕೇತದಲ್ಲಿ ರ್‍ಯಾಸ್ ಚಾಲೂ ಆಗುವುದು ಕೋಶದ ಒಳಗಿನ ಗಾಲ್ಗಿ ಪೊರೆಗಳಲ್ಲಿ, ಕೊಲ್ಲುವ ಸಂಕೇತದಲ್ಲಿ ಹೊರಪೊರೆಯ ಬಳಿ. ಈ ಎರಡರ ನಡುವಿನ ಗಡಿ ಎಷ್ಟು ಚೂಪಾಗಿದೆಯೆಂದರೆ, ತುಣುಕಿನ ಹಿಡಿತದಲ್ಲಿ ಆಗುವ ಕಿಂಚಿತ್ ವ್ಯತ್ಯಾಸವೂ ಕೋಶವನ್ನು ಬದುಕಿನಿಂದ ಸಾವಿನ ಕಡೆಗೆ ದಾಟಿಸಿಬಿಡುತ್ತದೆ.

ಈ ಗಡಿಯ ಸೂಕ್ಷ್ಮತೆಯನ್ನು ಎಲ್ಲಕ್ಕಿಂತ ಮನಮುಟ್ಟುವಂತೆ ತೋರಿಸಿದ್ದು ಜಪಾನಿನ ಶಿಮೋನ್ ಸಕಗುಚಿ ಅವರ ಬಳಗ 2003ರಲ್ಲಿ ವಿವರಿಸಿದ ಎಸ್‌ಕೆಜಿ ಎಂಬ ಇಲಿಯ ತಳಿ. ಈ ಇಲಿಗಳಿಗೆ ಮನುಷ್ಯರ ರುಮಟಾಯ್ಡ್ ಸಂಧಿವಾತವನ್ನು ಹೋಲುವ ಕೀಲುಬಾವು ಬರುತ್ತದೆ. ಕಾರಣವನ್ನು ಹುಡುಕಿದಾಗ ಸಿಕ್ಕಿದ್ದು ಕೀಲುಗಳಲ್ಲಿ ಯಾವುದೋ ದೋಷವಲ್ಲ, ಜ್ಯಾಪ್-70ರಲ್ಲಿ ಒಂದೇ ಒಂದು ಅಮೈನೊ ಆಮ್ಲದ ಬದಲಾವಣೆ. ಅದರಿಂದ ಸಂಕೇತ ದುರ್ಬಲವಾಗುತ್ತದೆ. ದುರ್ಬಲವಾದ್ದರಿಂದ, ಸಾಮಾನ್ಯ ಇಲಿಯಲ್ಲಿ ಅಪಾಯಕಾರಿಯೆಂದು ಕೊಲ್ಲಲ್ಪಡಬೇಕಾಗಿದ್ದ ಕೋಶಗಳು ಇಲ್ಲಿ ಸೌಮ್ಯವೆಂಬಂತೆ ತೋರಿ ಪಾರಾಗುತ್ತವೆ, ನಿರುಪದ್ರವಿಗಳಾಗಿ ಬದುಕಬೇಕಾಗಿದ್ದವು ಸಂಕೇತ ಸಾಲದೆ ಸಾಯುತ್ತವೆ. ಸಂಕೇತ ಕುಂದಿದರೆ ರೋಗನಿರೋಧಕ ಶಕ್ತಿ ಕುಂದೀತು ಎಂದಷ್ಟೇ ನಿರೀಕ್ಷಿಸುವವರಿಗೆ ಇದು ತಲೆಕೆಳಗಾದ ಫಲಿತಾಂಶವಾಗಿ ಕಾಣುವುದು ಸಹಜ. ಆದರೆ ಥೈಮಸ್ಸಿನಲ್ಲಿ ಅಳತೆಗೋಲೇ ಬದಲಾದರೆ ತೂಗಿಬಂದ ಇಡೀ ಸಮೂಹ ಬದಲಾಗುತ್ತದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಪ್ರಯೋಗ ಮತ್ತೊಂದಿಲ್ಲ. ಅದೇ ಜ್ಯಾಪ್-70 ಸಂಪೂರ್ಣವಾಗಿ ಇಲ್ಲದೆ ಹುಟ್ಟುವ ಮಕ್ಕಳ ಕತೆ ಬೇರೆ. 1994ರಲ್ಲಿ ವರದಿಯಾದಂತೆ, ಅವರ ರಕ್ತದಲ್ಲಿ ಸಿಡಿ-8 ಕೋಶಗಳು ಇರುವುದಿಲ್ಲ, ಸಿಡಿ-4 ಕೋಶಗಳು ಇದ್ದರೂ ಕೆಲಸಕ್ಕೆ ಬಾರವು.

ಆಯ್ಕೆಯಾದ ಕೋಶವು ಎರಡು ಸಹಗ್ರಾಹಕಗಳಲ್ಲಿ ಒಂದನ್ನು ಬಿಡಬೇಕು. ಸಿಡಿ-4 ಉಳಿಸಿಕೊಂಡದ್ದು ಸಹಾಯಕ ಕೋಶವಾಗುತ್ತದೆ, ಸಿಡಿ-8 ಉಳಿಸಿಕೊಂಡದ್ದು ಹಂತಕ ಕೋಶವಾಗುತ್ತದೆ. ಬಲವಾದ ಸಂಕೇತ ಸಿಡಿ-4ರ ಕಡೆಗೂ ಮಂದವಾದದ್ದು ಸಿಡಿ-8ರ ಕಡೆಗೂ ಒಯ್ಯುತ್ತದೆಂಬ ನಂಬಿಕೆ ಬಹುಕಾಲ ಇತ್ತು. ಅಮೆರಿಕದ ಆಲ್ಫ್ರೆಡ್ ಸಿಂಗರ್ ಅವರ ಬಳಗದ ಪ್ರಯೋಗಗಳು ಬಲಕ್ಕಿಂತ ಅವಧಿ ಮುಖ್ಯವೆಂಬ ತೀರ್ಮಾನಕ್ಕೆ ಒಯ್ದವು. ಸಂಕೇತ ಸಿಕ್ಕಿದ ಕೋಶವು ಯಾವುದೇ ಇರಲಿ, ಮೊದಲು ಸಿಡಿ-8ರ ತಯಾರಿಕೆಯನ್ನು ನಿಲ್ಲಿಸುತ್ತದೆ. ಗ್ರಾಹಕವು ಸಿಡಿ-4ರ ನೆರವಿನಿಂದ ಎರಡನೆಯ ವರ್ಗದ ಎಂಎಚ್‌ಸಿಯನ್ನು ಹಿಡಿದಿದ್ದರೆ ಸಂಕೇತ ಕಡಿಯದೆ ಮುಂದುವರಿದು, ಥಿಪಾಕ್ ಎಂಬ ನಿಯಂತ್ರಕವು ಎದ್ದು ಕೋಶ ಸಹಾಯಕವಾಗುತ್ತದೆ. ಸಿಡಿ-8ರ ನೆರವಿನಿಂದ ಮೊದಲ ವರ್ಗದ ಎಂಎಚ್‌ಸಿಯನ್ನು ಹಿಡಿದಿದ್ದರೆ, ಆ ನೆರವು ಕುಗ್ಗುತ್ತಿದ್ದಂತೆ ಸಂಕೇತ ಕಡಿದುಹೋಗುತ್ತದೆ. ಕಿವುಡಾಗಿದ್ದ ಕೋಶಕ್ಕೆ ಇಂಟರ್‌ಲ್ಯೂಕಿನ್-7 ಮತ್ತೆ ಕೇಳಿಸತೊಡಗುವುದು ಆಗ. ಅದರ ಪ್ರಭಾವದಲ್ಲಿ ರಂಕ್ಸ್-3 ಎಂಬ ಇನ್ನೊಂದು ನಿಯಂತ್ರಕ ಎದ್ದು ಕೋಶವನ್ನು ಹಂತಕವಾಗಿಸುತ್ತದೆ. ಥಿಪಾಕ್ ಕೆಟ್ಟ ಇಲಿಗಳಲ್ಲಿ ಸಹಾಯಕವಾಗಬೇಕಾದ ಕೋಶಗಳೂ ಹಂತಕಗಳ ಸಾಲಿಗೆ ಸೇರುತ್ತವೆ ಎಂಬುದು 2005ರಲ್ಲಿ ತಿಳಿದುಬಂತು.

ಸ್ವಂತ ತುಣುಕನ್ನು ಸಾಕಷ್ಟು ಗಟ್ಟಿಯಾಗಿ ಹಿಡಿದೂ ಸಾಯದೆ ಉಳಿಯುವ ಒಂದು ಸಣ್ಣ ಗುಂಪು ಇದೆ. ಅವುಗಳಿಗೆ ಗ್ರಾಹಕದ ಬಲವಾದ ಸಂಕೇತದ ಜೊತೆಗೆ ಸಿಡಿ-28 ಎಂಬ ಸಹಾಯಕ ಗ್ರಾಹಕದ ಸಂಕೇತವೂ, ಇಂಟರ್‌ಲ್ಯೂಕಿನ್-2ರಿಂದ ಸ್ಟ್ಯಾಟ್-5ರ ಸಂಕೇತವೂ ಒದಗಿಬಂದಾಗ, ಫಾಕ್ಸ್‌ಪಿ-3 ಎಂಬ ನಿಯಂತ್ರಕ ಪ್ರೋಟೀನು ಎಚ್ಚೆತ್ತು, ಆ ಕೋಶ ಉಳಿದ ಟಿ ಕೋಶಗಳನ್ನು ತಡೆಹಿಡಿಯುವ ನಿಯಂತ್ರಕ ಟಿ ಕೋಶವಾಗುತ್ತದೆ. 1995ರಲ್ಲಿ ಇಂಥ ಕೋಶಗಳನ್ನು ಗುರುತಿಸಿದ ಸಕಗುಚಿ ಅವರಿಗೂ, ಫಾಕ್ಸ್‌ಪಿ-3ರ ದೋಷವನ್ನು ಕಂಡುಹಿಡಿದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೂ 2025ರ ವೈದ್ಯಕೀಯ ನೊಬೆಲ್ ಸಂದಿತು. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಅಪೂರ್ವಾ ಸರೀನ್ ಅವರ ಬಳಗವು 2012ರಲ್ಲಿ ತೋರಿಸಿದ ಸಂಗತಿಯೊಂದು ಈ ಸಂದರ್ಭದಲ್ಲಿ ವಿಶೇಷ ಗಮನಕ್ಕೆ ಅರ್ಹ: ನಿಯಂತ್ರಕ ಟಿ ಕೋಶಗಳಲ್ಲಿ ನಾಚ್‌ನ ಕತ್ತರಿಸಿದ ತುಂಡು ಕೋಶಕೇಂದ್ರಕ್ಕೆ ಹೋಗದೆ ಹೊರಗೇ ಉಳಿದುಕೊಂಡು, ಪೋಷಕ ಅಣುಗಳು ಇಲ್ಲವಾದಾಗಲೂ ಆ ಕೋಶಗಳು ಸಾಯದಂತೆ ಕಾಪಾಡುತ್ತದೆ. ಥೈಮಸ್ಸಿನ ಹೊಸ್ತಿಲಲ್ಲಿ ಕೋಶಕೇಂದ್ರವನ್ನು ಹೊಕ್ಕು ಕುಲವನ್ನು ನಿರ್ಧರಿಸಿದ ಅದೇ ಅಣು, ಬೆಳೆದ ಕೋಶದಲ್ಲಿ ಬೇರೆ ಜಾಗದಲ್ಲಿ ನಿಂತು ಬೇರೆಯದೇ ಕೆಲಸ ಮಾಡುತ್ತದೆ.

ಈ ಎಲ್ಲ ತಿಳಿವಳಿಕೆಯಿಂದ ಆಸ್ಪತ್ರೆಗೆ ಈಗಾಗಲೇ ದಕ್ಕಿರುವ ಒಂದು ಸರಳ ಪರೀಕ್ಷೆ ಕರ್ನಾಟಕದ ಮಟ್ಟಿಗೆ ಬಹಳ ಬೆಲೆಯುಳ್ಳದ್ದು. ಗ್ರಾಹಕದ ತುಣುಕುಗಳನ್ನು ಬೆಸೆಯುವಾಗ ನಡುವಿನ ಡಿಎನ್‌ಎ ಕತ್ತರಿಸಿ ಬಿದ್ದು ಪುಟ್ಟ ಉಂಗುರವಾಗಿ ಕೋಶದಲ್ಲಿಯೇ ಉಳಿಯುತ್ತದೆ. ಥೈಮಸ್ಸಿನಲ್ಲಿ ಹೊಸ ಟಿ ಕೋಶಗಳು ತಯಾರಾಗುತ್ತಿರುವುದಕ್ಕೆ ಅದೇ ಗುರುತು. ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದು ಕಾಗದದ ಮೇಲೆ ಒಣಗಿಸಿದ ರಕ್ತದ ಚುಕ್ಕೆಯಲ್ಲಿ ಆ ಉಂಗುರಗಳು ತೀರ ಕಡಿಮೆಯಿದ್ದರೆ ಸ್ಕಿಡ್ ಇರುವ ಸಂಶಯ ಬಲವಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 2008ರಲ್ಲಿ ಎಲ್ಲ ಶಿಶುಗಳಿಗೂ ಈ ಪರೀಕ್ಷೆಯನ್ನು ಆರಂಭಿಸಿ, 2018ರ ಕೊನೆಯ ಹೊತ್ತಿಗೆ ಅಲ್ಲಿನ ಐವತ್ತೂ ರಾಜ್ಯಗಳಿಗೆ ಅದು ಹರಡಿತು. ಮೂರೂವರೆ ತಿಂಗಳೊಳಗೆ ಅಸ್ಥಿಮಜ್ಜೆಯ ಕಸಿಯಾದ ಸ್ಕಿಡ್ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಉಳಿದದ್ದನ್ನು ಅಲ್ಲಿನ ಅಧ್ಯಯನವೊಂದು 2014ರಲ್ಲಿ ದಾಖಲಿಸಿತು. ಸೋಂಕು ತಗುಲಿದ ಮೇಲೆ ಕಸಿ ಮಾಡಿದಾಗ ಫಲ ಅಷ್ಟು ಒಳ್ಳೆಯದಿರಲಿಲ್ಲ. ಭಾರತದಲ್ಲಿ ಇದು ಇನ್ನೂ ಎಲ್ಲ ಶಿಶುಗಳಿಗೂ ತಲುಪುವ ಸಾರ್ವಜನಿಕ ಕಾರ್ಯಕ್ರಮವಾಗಿಲ್ಲ. ಸೋದರಮಾವನೊಂದಿಗೆ, ಸೋದರತ್ತೆಯ ಮಗನೊಂದಿಗೆ ಮದುವೆಯಾಗುವುದು ಹಲವು ಸಮುದಾಯಗಳಲ್ಲಿ ರೂಢಿಯಾಗಿರುವ ಕರ್ನಾಟಕದಂಥ ನಾಡಿನಲ್ಲಿ, ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಪ್ರತಿ ಬಂದಾಗಷ್ಟೇ ಕಾಣಿಸಿಕೊಳ್ಳುವ ರ್‍ಯಾಗ್, ಜ್ಯಾಕ್-3, ಜ್ಯಾಪ್-70ರಂಥ ಕೊರತೆಗಳ ಸಂಭವ ಹೆಚ್ಚು. ಇಲ್ಲಿ ಮಗು ಹುಟ್ಟಿದೊಡನೆ ಕೊಡುವ ಬಿಸಿಜಿ ಲಸಿಕೆಯಲ್ಲಿರುವುದು ಬಲ ಕುಂದಿಸಿದ್ದರೂ ಜೀವವಿರುವ ಬ್ಯಾಕ್ಟೀರಿಯಾ. ಆರೋಗ್ಯವಂತ ಶಿಶುವನ್ನು ಕ್ಷಯದಿಂದ ಕಾಪಾಡುವ ಆ ಲಸಿಕೆ ಕೊಡಲೇಬೇಕಾದದ್ದು. ಟಿ ಕೋಶಗಳೇ ಇಲ್ಲದ ಅಪರೂಪದ ಶಿಶುವಿನಲ್ಲಿ ಮಾತ್ರ ಅದೇ ಬ್ಯಾಕ್ಟೀರಿಯಾ ದೇಹದೆಲ್ಲೆಡೆ ಹರಡಿ ಪ್ರಾಣಕ್ಕೆ ಎರವಾಗಬಹುದು. ಅಂಥ ಶಿಶುವನ್ನು ಸೋಂಕುಗಳಿಗಿಂತ ಮೊದಲೇ ಗುರುತಿಸಿ ಕಸಿಗೆ ಸಿದ್ಧಗೊಳಿಸಲು ಒಣಗಿಸಿದ ಆ ಒಂದು ಚುಕ್ಕೆ ರಕ್ತ ಸಾಕಾಗುತ್ತದೆ.